ಹೈಸ್ಕೂಲು ಮಕ್ಕಳ ವೃತ್ತಿ ತರಬೇತಿ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

8ನೇ ತರಗತಿಯಿಂದ ಎಸ್ಸೆಸ್ಸೆಲ್ಸಿವರೆಗಿನ ಮಕ್ಕಳಿಗೆ ಮತ್ತು ಅವರ ಮನೆಯವರಿಗೆ ಈ ಪುಟ. ಪ್ರವೇಶದ ತಾರೀಖು, ಶುಲ್ಕ, ಸೀಟುಗಳ ಲೆಕ್ಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಅವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಯಾವ ಓದಿನಿಂದ ಯಾವ ಕೆಲಸ ಕೈಗೆ ಹತ್ತುತ್ತದೆ, ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ.

ಶಾಲೆಯಲ್ಲೇ ಕಲಿಸುವ ವೃತ್ತಿ ವಿಷಯ ಅಂದರೆ ಯಾವುದು?

ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಡಿ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ 9 ಮತ್ತು 10ನೇ ತರಗತಿಗೆ ವೃತ್ತಿ ವಿಷಯಗಳಿವೆ. ಎನ್‌ಎಸ್‌ಕ್ಯುಎಫ್ ಎಂದು ಶಾಲೆಗಳಲ್ಲಿ ಕರೆಯುವುದು ಇದನ್ನೇ. ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ರಿಟೇಲ್, ಹೆಲ್ತ್ ಕೇರ್, ಬ್ಯೂಟಿ ಅಂಡ್ ವೆಲ್‌ನೆಸ್ ಇವು ಕರ್ನಾಟಕದಲ್ಲಿ ನಡೆದುಕೊಂಡು ಬಂದಿರುವ ವಿಷಯಗಳು. ಪ್ರತಿ ಶಾಲೆಯಲ್ಲೂ ಇಲ್ಲ. ಇರುವ ಶಾಲೆಯಲ್ಲೂ ಸಾಮಾನ್ಯವಾಗಿ ಒಂದೆರಡು ವಿಷಯ ಮಾತ್ರ. ನಿಮ್ಮ ಹೋಬಳಿಯಲ್ಲಿ ಯಾವ ಶಾಲೆಯಲ್ಲಿ ಯಾವುದಿದೆ ಎಂಬುದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಗೊತ್ತಾಗುತ್ತದೆ. 8ನೇ ತರಗತಿಯ ಕೊನೆಯಲ್ಲೇ ವಿಚಾರಿಸಿ, 9ಕ್ಕೆ ಸೇರಿ ಎರಡು ತಿಂಗಳು ಕಳೆದ ಮೇಲೆ ಕೇಳಿದರೆ ತಡವಾಗಿರುತ್ತದೆ.

ಹಿಂದಿ ಬಿಟ್ಟು ಇದನ್ನು ತೆಗೆದುಕೊಂಡರೆ ಮುಂದೆ ತೊಂದರೆಯಾ?

ಈ ವಿಷಯವನ್ನು ತೃತೀಯ ಭಾಷೆಯ ಬದಲಿಗೆ ಓದುತ್ತಾರೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ತೃತೀಯ ಭಾಷೆಯ ದಿನವೇ ನಡೆಯುತ್ತದೆ. ಅಂಕಪಟ್ಟಿಯಲ್ಲಿ ಅದಕ್ಕೂ ಅಂಕ ಬರುತ್ತದೆ. ಪಿಯುಸಿಗೆ, ಐಟಿಐಗೆ (ಕೈಗಾರಿಕಾ ತರಬೇತಿ ಸಂಸ್ಥೆ), ಡಿಪ್ಲೊಮಾಗೆ ಯಾವುದಕ್ಕೂ ಅಡ್ಡಿಯಿಲ್ಲ. ಪಿಯುಸಿಯಲ್ಲಿ ಹಿಂದಿಯನ್ನೇ ಭಾಷೆಯಾಗಿ ಓದಬೇಕು ಎಂದು ಮೊದಲೇ ನಿರ್ಧರಿಸಿದವರು ಮಾತ್ರ ಯೋಚಿಸಿ.

ನಿಜವಾದ ತೊಡಕು ಬೇರೆ ಕಡೆ ಇದೆ. 9ರಲ್ಲಿ ಆರಿಸಿಕೊಂಡ ವಿಷಯ 10ಕ್ಕೂ ಮುಂದುವರಿಯಬೇಕು. ಎಸ್ಟೇಟಿನ ಲೈನ್ ಮನೆಯಲ್ಲಿರುವ ಕುಟುಂಬಗಳು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವುದು ಇಲ್ಲಿ ಸಾಮಾನ್ಯ. ಹೊಸ ಶಾಲೆಯಲ್ಲಿ ಆಟೊಮೊಬೈಲ್ ಇಲ್ಲದಿದ್ದರೆ ಮಗು 10ರ ನಡುವೆ ಹಿಂದಿಯನ್ನು ಮೊದಲಿಂದ ಹಿಡಿಯಬೇಕಾಗುತ್ತದೆ. ಇನ್ನೆರಡು ವರ್ಷ ಅದೇ ಊರಲ್ಲಿ ಇರುತ್ತೀರಾ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಸಹಿ ಹಾಕಿ. ಇರುವುದಿಲ್ಲ ಎಂದಾದರೆ ತಾಲ್ಲೂಕು ಕೇಂದ್ರದ ಹಾಸ್ಟೆಲ್‌ನಲ್ಲಿ ಮಗುವನ್ನು ಬಿಡಬಹುದೇ ಎಂದು ಕೇಳಿ ನೋಡಿ.

ಓದಿನಲ್ಲಿ ಹಿಂದಿರುವ ಮಕ್ಕಳಿಗೆ ತಾನೇ ಇದು?

ಅಲ್ಲ. ಈ ಮಾತು ಎಷ್ಟೋ ಮಕ್ಕಳ ದಾರಿ ಕೆಡಿಸಿದೆ. ಐಟಿಐನ ಎಲೆಕ್ಟ್ರಿಷಿಯನ್ ಟ್ರೇಡ್‌ಗೆ (ಕಸುಬಿನ ಕೋರ್ಸಿಗೆ) ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಮತ್ತು ವಿಜ್ಞಾನ ಪಾಸಾಗಿರಲೇಬೇಕು. ಓಮ್‌ನ ನಿಯಮ ಬಾರದವರು ಕೇಬಲ್ ಆರಿಸಲಾರರು, ದಶಮಾಂಶ ಬಾರದವರು ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಓದಲಾರರು. ಗಣಿತದಲ್ಲಿ ಚುರುಕಾಗಿದ್ದು, ಕೈಯಲ್ಲಿ ಸ್ಪ್ಯಾನರ್ ಹಿಡಿದರೆ ಹೊತ್ತು ಹೋದದ್ದೇ ಗೊತ್ತಾಗದ ಮಕ್ಕಳಿದ್ದಾರೆ. ಈ ಓದು ಅವರದ್ದು. ಗಣಿತಕ್ಕೆ ಹೆದರಿ ಇತ್ತ ಬರುವ ಮಗುವಿಗೆ ಇಲ್ಲೂ ಅದೇ ಗಣಿತ ಎದುರಾಗುತ್ತದೆ. ಆದರೆ ಇಲ್ಲಿ ಅದು ಕೈಗೆ ಸಿಗುವ ವಸ್ತುವಿನ ಮೇಲೆ ಇರುವುದರಿಂದ ಹಲವರಿಗೆ ಮೊದಲ ಬಾರಿ ಅರ್ಥವಾಗುತ್ತದೆ.

ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ, ಡಿಪ್ಲೊಮಾ, ಜಿಟಿಟಿಸಿ, ಯಾವುದು ಸರಿ?

ಐಟಿಐನಲ್ಲಿ ಒಂದು ಕೆಲಸವನ್ನು ಕೈಯಿಂದ ಮಾಡಲು ಕಲಿಸುತ್ತಾರೆ. ಎಲೆಕ್ಟ್ರಿಷಿಯನ್, ಫಿಟ್ಟರ್, ಮೋಟಾರು ವಾಹನ ಮೆಕ್ಯಾನಿಕ್ 2 ವರ್ಷದ ಟ್ರೇಡ್‌ಗಳು. ವೆಲ್ಡರ್ ಮತ್ತು ಕೋಪಾ (ಕಂಪ್ಯೂಟರ್ ಆಪರೇಟರ್) 1 ವರ್ಷ. ಎಲೆಕ್ಟ್ರಿಷಿಯನ್‌ನ ಮೊದಲ ವರ್ಷದ 1,200 ಗಂಟೆಗಳಲ್ಲಿ 840 ಗಂಟೆ ಪ್ರಾಯೋಗಿಕ, 240 ಗಂಟೆ ಥಿಯರಿ, 120 ಗಂಟೆ ಉದ್ಯೋಗ ಕೌಶಲ. ಅಂದರೆ ದಿನದ ಬಹುಪಾಲು ನಿಂತೇ ಇರಬೇಕು.

ಪಾಲಿಟೆಕ್ನಿಕ್ ಡಿಪ್ಲೊಮಾ 3 ವರ್ಷ, 6 ಸೆಮಿಸ್ಟರ್. ಇಲ್ಲಿ ಲೆಕ್ಕ, ಡ್ರಾಯಿಂಗ್, ಥಿಯರಿ ಹೆಚ್ಚು. ಮುಗಿಸಿದವರು ಮೇಲ್ವಿಚಾರಕರ ಹಂತದ ಕೆಲಸಕ್ಕೆ ಹೋಗುತ್ತಾರೆ. ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ 3 ವರ್ಷ ಓದು, 1 ವರ್ಷ ಕಾರ್ಖಾನೆ ತರಬೇತಿ. ಯಂತ್ರದ ಕೆಲಸ ಬಹಳ ಗಟ್ಟಿಯಾಗಿ ಕಲಿಸುತ್ತಾರೆ, ಆದರೆ ಆ ಕೆಲಸ ಇರುವುದು ಮೈಸೂರು, ಬೆಂಗಳೂರು ಕಡೆ. ಮಗ ಅಥವಾ ಮಗಳು ಊರಲ್ಲೇ ನೆಲೆ ನಿಲ್ಲಬೇಕು ಎಂಬ ಆಸೆ ಇದ್ದರೆ ನಮ್ಮ ಸಲಹೆ ಐಟಿಐ.

ಕೊಡಗಿನೊಳಗೆ ಏನೇನಿದೆ?

ಮಡಿಕೇರಿಯಲ್ಲಿ ಸರ್ಕಾರಿ ಐಟಿಐ, ಕುಶಾಲನಗರದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಮತ್ತು ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಕಾಲೇಜು ಮತ್ತು ಅರಣ್ಯ ಮಹಾವಿದ್ಯಾಲಯ. ತೋಟದ ಕೆಲಸಕ್ಕೆ ಸಂಬಂಧಿಸಿ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಮತ್ತು ತೋಟಗಾರಿಕಾ ಪ್ರಯೋಗ ಕೇಂದ್ರ, ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರಗಳಿವೆ. ಈ ಕೇಂದ್ರಗಳಿಗೆ ಶಾಲೆಯಿಂದ ಮೊದಲೇ ಪತ್ರ ಬರೆದು ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಿ. ಕಸಿ ಕಟ್ಟುವುದನ್ನು ಪುಸ್ತಕದಲ್ಲಿ ಓದುವುದಕ್ಕೂ ಎದುರಿಗೆ ನೋಡುವುದಕ್ಕೂ ಹೋಲಿಕೆಯೇ ಇಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2020 6ರಿಂದ 8ನೇ ತರಗತಿಗೆ 10 ಬ್ಯಾಗ್‌ರಹಿತ ದಿನಗಳನ್ನು ಹೇಳಿರುವುದೂ ಇಂಥದ್ದಕ್ಕೇ.

ನಮ್ಮ ಜಿಲ್ಲೆಯಲ್ಲಿ ಯಾವ ಕೆಲಸ ಗೊತ್ತಿರುವವರಿಗೆ ಬೇಡಿಕೆ?

ತೋಟದಲ್ಲಿ ಏನೇನು ಕೆಟ್ಟು ನಿಲ್ಲುತ್ತದೆ ನೋಡಿ, ಉತ್ತರ ಅಲ್ಲೇ ಇದೆ.

ಮೊದಲನೆಯದು ಕಳೆ ಕೊಚ್ಚುವ ಯಂತ್ರ. ಟು-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು. 25:1 ಎಂದು ಕೈಪಿಡಿಯಲ್ಲಿದ್ದರೆ 1 ಲೀಟರ್‌ಗೆ 40 ಮಿ.ಲೀ., 50:1 ಎಂದಿದ್ದರೆ 20 ಮಿ.ಲೀ. ಅಂದಾಜಿನಲ್ಲಿ ಸುರಿದು, ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಸ್ಪಾರ್ಕ್ ಪ್ಲಗ್ ಮಸಿ ಕಟ್ಟಿ ಸ್ಟಾರ್ಟ್ ಆಗುವುದಿಲ್ಲ. ಫೋರ್-ಸ್ಟ್ರೋಕ್ ಯಂತ್ರಕ್ಕೆ ಬೆರೆಸುವುದೇ ಬೇಡ, ಅದರ ಆಯಿಲ್ ಬೇರೆ ಜಾಗದಲ್ಲಿರುತ್ತದೆ. ಎರಡನ್ನೂ ಒಂದೇ ಕ್ಯಾನಿನಿಂದ ತುಂಬಿಸುವುದು ಸಾಮಾನ್ಯ ತಪ್ಪು. ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ತಿಂಗಳುಗಟ್ಟಲೆ ಮೂಲೆಗಿಟ್ಟರೆ ಕಾರ್ಬ್ಯುರೇಟರ್‌ನ ಸಣ್ಣ ತೂತಿನಲ್ಲಿ ಅಂಟು ಕಟ್ಟುತ್ತದೆ. ಪ್ಲಗ್ಗಿನ ಗ್ಯಾಪ್ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ.; ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯದ್ದೇ ಸರಿ. ಇಷ್ಟನ್ನು ಸರಿಯಾಗಿ ಮಾಡಬಲ್ಲ ಹುಡುಗ ಇಡೀ ಊರಿಗೆ ಬೇಕಾದವನು.

ಎರಡನೆಯದು ಪಂಪು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು, ಆ ದಿನಗಳಲ್ಲಿ ಪಂಪು ನಿಂತರೆ ಆ ವರ್ಷದ ಫಸಲೇ ಹೋಯಿತು. ‘ಮೋಟಾರ್ ಓಡುತ್ತದೆ, ನೀರು ಬರುವುದಿಲ್ಲ’ ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಫುಟ್‌ವಾಲ್ವ್‌ನಲ್ಲಿ ಸಿಕ್ಕಿಕೊಂಡ ಎಲೆ ಅಥವಾ ಸಕ್ಷನ್ ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುವುದು. ಇನ್ನೊಂದು ಕಾರಣವನ್ನು ಬಯಲುಸೀಮೆಯ ಮೆಕ್ಯಾನಿಕ್‌ಗಳು ಗಮನಿಸುವುದಿಲ್ಲ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ನೀರನ್ನು ಪೈಪಿನಲ್ಲಿ ಏರಿಸಬಲ್ಲದ್ದು ಹೆಚ್ಚೆಂದರೆ 10.3 ಮೀಟರ್, 1,100 ಮೀಟರಿಗಿಂತ ಎತ್ತರದಲ್ಲಿರುವ ಮಡಿಕೇರಿಯಂಥ ಕಡೆ ಅದು ಸುಮಾರು 9ಕ್ಕೆ ಇಳಿಯುತ್ತದೆ. ಪೈಪಿನ ಘರ್ಷಣೆ, ವಾಲ್ವಿನ ತಡೆ ಎಲ್ಲ ಕಳೆದರೆ ಭರವಸೆಯಿಂದ ಸಿಗುವುದು 6 ಮೀಟರ್ ಆಸುಪಾಸು. ಹಾಗಾಗಿ ಕೆರೆಯ ನೀರು ಇಳಿದ ಹಾಗೆ ಪಂಪನ್ನೂ ಕೆಳಗಿಳಿಸಬೇಕು. ಶಾಲೆಯ ವಿಜ್ಞಾನದ ಒತ್ತಡದ ಪಾಠ ಇದೇ.

ಮೂರನೆಯದು ವಿದ್ಯುತ್. ಮನೆ ವೈರಿಂಗ್‌ನಲ್ಲಿ ಲೈಟಿಗೆ 1.5, ಪವರ್ ಪ್ಲಗ್ಗಿಗೆ 2.5, ಗೀಸರ್‌ಗೆ 4 ಚದರ ಮಿ.ಮೀ. ವೈರು ಸಾಮಾನ್ಯ ಲೆಕ್ಕ. ಹೋಮ್‌ಸ್ಟೇಗಳಲ್ಲಿ ಹಳೆಯ ಲೈಟಿನ ಲೈನಿಗೇ ಗೀಸರ್ ಸೇರಿಸಿ, ವೈರು ಬಿಸಿಯಾಗಿ ಸುಟ್ಟ ಉದಾಹರಣೆಗಳು ಸಿಗುತ್ತವೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿದರೆ ‘ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ’ ಎಂದು ಕಿತ್ತು ಹಾಕಿಸುವವರೂ ಇದ್ದಾರೆ. ಅದು ಸುಮ್ಮನೆ ಟ್ರಿಪ್ ಆಗುವುದು ಅಪರೂಪ. ಮಳೆಗಾಲದ ತೇವಕ್ಕೆ ಎಲ್ಲೋ ಸೋರಿಕೆ ಆಗುತ್ತಿರುತ್ತದೆ, ಅದನ್ನು ಹುಡುಕುವುದೇ ಎಲೆಕ್ಟ್ರಿಷಿಯನ್ನನ ಕೆಲಸ. ಆನೆ ತಡೆಯುವ ಸೋಲಾರ್ ಬೇಲಿಯೂ ಇದರೊಳಗೇ ಬರುತ್ತದೆ. ಬೇಲಿಗೆ ಎನರ್ಜೈಸರ್‌ನಿಂದ ಸೆಕೆಂಡಿಗೆ ಒಂದರಂತೆ ಕ್ಷಣಮಾತ್ರದ ಪಲ್ಸ್ ಹೋಗಬೇಕು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಅಪರಾಧ, ಅದು ಮನುಷ್ಯರನ್ನೂ ಆನೆಯನ್ನೂ ಕೊಲ್ಲುತ್ತದೆ. ಕಲಿಯುವ ಮಗು ಮೊದಲ ದಿನವೇ ಇದನ್ನು ತಿಳಿದಿರಬೇಕು.

ಹೋಮ್‌ಸ್ಟೇಗಳಿಂದಾಗಿ ಪ್ಲಂಬಿಂಗ್, ಅಡುಗೆ, ಹೌಸ್‌ಕೀಪಿಂಗ್‌ಗೂ ವರ್ಷವಿಡೀ ಕೆಲಸವಿದೆ.

ಐಟಿಐಗೆ ಸೇರಿದ ಮೊದಲ ತಿಂಗಳು ಬರೀ ಕಬ್ಬಿಣ ಉಜ್ಜಿಸುತ್ತಾರಂತೆ, ಹೌದಾ?

ಫಿಟ್ಟರ್ ಟ್ರೇಡ್‌ನಲ್ಲಿ ಹೌದು. ಬಿಟ್ಟು ಹೋಗುವ ಮಕ್ಕಳಲ್ಲಿ ಹಲವರು ಬಿಡುವುದು ಈ ಹಂತದಲ್ಲೇ, ಯಾಕೆ ಉಜ್ಜುತ್ತಿದ್ದೇವೆ ಎಂದು ಯಾರೂ ಹೇಳದೆ.

ಒಂದು ಮೈಲ್ಡ್ ಸ್ಟೀಲ್ ತುಂಡನ್ನು ವೈಸ್‌ಗೆ ಕಟ್ಟಿ ಅರದಿಂದ ಸಮತಟ್ಟು ಮಾಡಬೇಕು. ವೈಸ್‌ನ ಎತ್ತರ ಮೊಣಕೈ ಮಟ್ಟಕ್ಕಿರಲಿ. ಮುಂದೆ ತಳ್ಳುವಾಗ ಮಾತ್ರ ಒತ್ತಡ, ಹಿಂದಕ್ಕೆ ಬರುವಾಗ ಇಲ್ಲ. ಹಿಂದಕ್ಕೂ ಒತ್ತಿದರೆ ಅರದ ಹಲ್ಲು ಮೊಂಡಾಗುತ್ತದೆ. ಹೊಸಬರ ತುಂಡು ಯಾವಾಗಲೂ ನಡುವೆ ಉಬ್ಬಿ ಅಂಚಿನಲ್ಲಿ ಇಳಿದಿರುತ್ತದೆ. ಕಾರಣ ಸರಳ: ತಳ್ಳಲು ಶುರು ಮಾಡುವಾಗ ಹಿಡಿಯ ಕೈ, ಕೊನೆಯಲ್ಲಿ ಮುಂದಿನ ಕೈ ಹೆಚ್ಚು ಭಾರ ಹಾಕಿ ಅರ ಏತದಂತೆ ತೂಗುತ್ತದೆ. ಶುರುವಿನಲ್ಲಿ ಮುಂದಿನ ಕೈ ಒತ್ತಬೇಕು, ನಡುವೆ ಎರಡೂ ಸಮ, ಕೊನೆಗೆ ಹಿಂದಿನ ಕೈ. ಟ್ರೈ ಸ್ಕ್ವೇರ್ ಅಂಚನ್ನು ತುಂಡಿನ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಎಲ್ಲಿ ಬೆಳಕು ನುಸುಳುತ್ತದೋ ಅಲ್ಲಿ ತಗ್ಗು. ಅರದ ಹಲ್ಲಿನಲ್ಲಿ ಪುಡಿ ಸಿಕ್ಕಿಕೊಂಡರೆ ಆಳವಾದ ಗೀರು ಬೀಳುತ್ತದೆ, ಆಗ ತಂತಿ ಬ್ರಷ್‌ನಿಂದ ತೆಗೆದು ಸೀಮೆಸುಣ್ಣ ಸವರಿಕೊಳ್ಳಿ.

ಇದು ಮುಗಿಯುವಷ್ಟರಲ್ಲಿ 0.02 ಮಿ.ಮೀ.ವರೆಗೆ ವರ್ನಿಯರ್ ಓದುವುದು ಬಂದಿರುತ್ತದೆ. ಮುಂದೆ ಬೇರಿಂಗ್ ಕೂರಿಸುವಾಗ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಗ್ಯಾಪ್ ಹೊಂದಿಸುವಾಗ ಬೆರಳಿಗೆ ನೆನಪಾಗುವುದು ಈ ತಿಂಗಳೇ. ನಮ್ಮ ಜಿಲ್ಲೆಗೆ ಮಾತ್ರ ಸಂಬಂಧಿಸಿದ ಒಂದು ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಜ್ಜಿ ಹೊಳೆಯಿಸಿದ ತುಂಡನ್ನು ಹಾಗೇ ಬಿಟ್ಟರೆ ಮಾರನೇ ದಿನವೇ ತುಕ್ಕಿನ ಕಲೆ. ಎಣ್ಣೆ ಬಟ್ಟೆಯಲ್ಲಿ ಒರೆಸಿಟ್ಟೇ ಮನೆಗೆ ಹೊರಡಿ.

ಹೆಣ್ಣುಮಕ್ಕಳನ್ನು ಎಲೆಕ್ಟ್ರಿಷಿಯನ್‌ಗೆ ಸೇರಿಸಬಹುದಾ?

ಖಂಡಿತ. ಯಾವ ಟ್ರೇಡ್‌ಗೂ ತಡೆಯಿಲ್ಲ. ವೈಂಡಿಂಗ್, ಪ್ಯಾನೆಲ್ ವೈರಿಂಗ್, ಡ್ರಾಫ್ಟ್ಸ್‌ಮನ್‌ನಂಥ ಸೂಕ್ಷ್ಮ ಕೆಲಸದಲ್ಲಿ ಅವರು ಬಹಳ ಚೆನ್ನಾಗಿ ಮಾಡುತ್ತಾರೆ. ನಾವು ನೋಡಬೇಕಾದ್ದು ಬಸ್ಸಿನ ಸಮಯ. ಭಾಗಮಂಡಲ ಕಡೆಯಿಂದ ಮಡಿಕೇರಿಗೆ ದಿನವೂ ಓಡಾಡುವುದು ಮಳೆಗಾಲದಲ್ಲಿ ಕಷ್ಟ. ಐಟಿಐ ಅರ್ಜಿಯ ಜೊತೆಗೇ ಹಾಸ್ಟೆಲ್ ಅರ್ಜಿಯನ್ನೂ ಹಾಕಿ, ಸೀಟು ಸಿಕ್ಕ ಮೇಲೆ ಹಾಕೋಣ ಎಂದು ಕಾದರೆ ಹಾಸ್ಟೆಲ್ ತುಂಬಿರುತ್ತದೆ.

8ನೇ ತರಗತಿ ಮುಗಿಸಿ ಬಿಟ್ಟವರಿಗೆ ದಾರಿ ಇದೆಯಾ?

ಇದೆ. ವೆಲ್ಡರ್, ವೈರ್‌ಮನ್, ಡ್ರೆಸ್ ಮೇಕಿಂಗ್ ಮುಂತಾದ ಟ್ರೇಡ್‌ಗಳಿಗೆ 8ನೇ ತರಗತಿ ಪಾಸಾದರೆ ಸಾಕು, ವಯಸ್ಸು ಕನಿಷ್ಠ 14 ಆಗಿರಬೇಕು. ಹಾಡಿಯ (ಬುಡಕಟ್ಟು ಜನರ ವಸತಿ) ಮಕ್ಕಳಲ್ಲಿ ಎಷ್ಟೋ ಮಂದಿ 9ರ ನಡುವೆ ಶಾಲೆ ಬಿಡುತ್ತಾರೆ. ಅವರ ಬಳಿ 8ರ ಅಂಕಪಟ್ಟಿ ಮತ್ತು ಟಿಸಿ ಇದ್ದರೆ ಈ ಬಾಗಿಲು ಮುಚ್ಚಿಲ್ಲ. ಆಶ್ರಮ ಶಾಲೆಯ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆಯರು ಈ ಒಂದು ವಿಷಯವನ್ನು ಹಾಡಿಗೆ ಮುಟ್ಟಿಸಿದರೆ ದೊಡ್ಡ ಉಪಕಾರ.

ದಾಖಲೆಗಳಲ್ಲಿ ಎಲ್ಲಿ ತೊಡಕಾಗುತ್ತದೆ?

ಹೆಸರಿನಲ್ಲಿ. ಕೊಡಗಿನಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಶಾಲೆಯ ದಾಖಲೆಯಲ್ಲಿ ಅದು ಒಂದಕ್ಷರದ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಕೊನೆಗೆ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. 9ನೇ ತರಗತಿಯಲ್ಲೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಸ್ಸೆಸ್ಸೆಲ್ಸಿ ನೋಂದಣಿಗೆ ಮೊದಲು ಶಾಲೆಯಲ್ಲೇ ತಿದ್ದಿಸುವುದು ಸುಲಭ. ಅಂಕಪಟ್ಟಿ ಅಚ್ಚಾದ ಮೇಲೆ ಹೆಡ್‌ಮಾಸ್ಟರ್ ಮೂಲಕ ಮಂಡಳಿಗೆ ಹೋಗಬೇಕು, ಅಷ್ಟರಲ್ಲಿ ಪ್ರವೇಶವೇ ಮುಗಿದಿರುತ್ತದೆ.

ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಡಿ, ಹಳೆಯದಿದ್ದರೆ ಅವಧಿ ಮುಗಿದಿದೆಯೇ ನೋಡಿ. ವಿದ್ಯಾರ್ಥಿವೇತನದ ಹಣ ಆಧಾರ್ ಜೋಡಣೆಯಾದ ಖಾತೆಗೆ ಬೀಳುತ್ತದೆ. ಖಾತೆ ಇದ್ದರೆ ಸಾಲದು, ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. 1ರಿಂದ 10ರವರೆಗೆ ಗ್ರಾಮೀಣ ಶಾಲೆ, ಕನ್ನಡ ಮಾಧ್ಯಮದಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರವನ್ನು ಟಿಸಿ ತರುವ ದಿನವೇ ತನ್ನಿ.

ಮಳೆಗೆ, ಕಾಫಿ ಕೊಯ್ಲಿಗೆ ರಜೆ ಹಾಕಿದರೆ ಏನಾಗುತ್ತದೆ?

ಐಟಿಐ ಪರೀಕ್ಷೆಗೆ ಕೂರಲು ಶೇ 80 ಹಾಜರಿ ಬೇಕು. 200 ದಿನ ತರಗತಿ ನಡೆದರೆ ತಪ್ಪಿಸಬಹುದಾದದ್ದು 40 ದಿನ ಅಷ್ಟೇ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲಿನ ಕೂಲಿಗೆ ಹೋದರೆ ಇದು ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಖಾಲಿ. ಮನೆಯ ಕಷ್ಟ ನಮಗೆ ಅರ್ಥವಾಗುತ್ತದೆ. ಭಾನುವಾರ ಕೊಯ್ಯಲಿ, ಆದರೆ ವರ್ಕ್‌ಶಾಪ್ ದಿನ ತಪ್ಪಿಸಬಾರದು. ಪ್ರಾಯೋಗಿಕದಲ್ಲಿ ಪಾಸಾಗಲು ಶೇ 60 ಬೇಕು, ಥಿಯರಿಗಾದರೆ ಶೇ 33 ಸಾಕು. ಕೈ ಕೆಲಸವನ್ನು ನೋಟ್ಸ್ ಓದಿ ತುಂಬಿಸಿಕೊಳ್ಳಲು ಆಗುವುದಿಲ್ಲ.

ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟಾಗ ಆದೇಶವನ್ನು ಪೂರ್ತಿ ಓದಿ. ಶಾಲೆ, ಪಿಯು ಕಾಲೇಜು ಎಂದಷ್ಟೇ ಇದ್ದರೆ ಐಟಿಐಗೂ ರಜೆ ಎಂದುಕೊಳ್ಳಬೇಡಿ.

ಬೇಸಿಗೆ ರಜೆಯಲ್ಲಿ ಮಗನನ್ನು ಗ್ಯಾರೇಜಿಗೆ ಕಳಿಸಬಹುದಾ?

14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನುಬಾಹಿರ. 14ರಿಂದ 18ರವರೆಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಾಕುವಂತಿಲ್ಲ. ನೋಡಿ ಕಲಿಯಲಿ, ಉಪಕರಣಗಳ ಹೆಸರು ತಿಳಿಯಲಿ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಅಡಿಗೆ ಹೋಗುವುದು, ಗ್ಯಾಸ್ ವೆಲ್ಡಿಂಗ್, ರಿಪೇರಿಯಾದ ಬೈಕನ್ನು ‘ಟ್ರಯಲ್’ ನೋಡುವುದು, ಮೂರೂ ಬೇಡ. 18 ತುಂಬದೆ ಗೇರ್ ಇರುವ ಬೈಕಿಗೆ ಲೈಸೆನ್ಸ್ ಇಲ್ಲ.

ಮನೆಯ ತೋಟದ ಬಗ್ಗೆಯೂ ಒಂದು ಎಚ್ಚರಿಕೆ. ಕರಿಮೆಣಸು ಕೊಯ್ಯುವ ಅಲ್ಯುಮಿನಿಯಂ ಏಣಿ ಮೇಲಿನ ವಿದ್ಯುತ್ ತಂತಿಗೆ ತಗುಲಿ ನಮ್ಮ ಜಿಲ್ಲೆಯಲ್ಲಿ ಜೀವಗಳು ಹೋಗಿವೆ. ಎಲೆಕ್ಟ್ರಿಕಲ್ ಕಲಿಯುತ್ತಿರುವ ಮಗು ಮನೆಯಲ್ಲಿದ್ದರೆ, ಏಣಿ ಎತ್ತುವ ಮೊದಲು ತಲೆ ಎತ್ತಿ ತಂತಿ ನೋಡುವ ಅಭ್ಯಾಸವನ್ನು ಮನೆಗೆಲ್ಲ ಅವರೇ ಕಲಿಸಲಿ.

ಐಟಿಐ ಮಾಡಿದರೆ ಓದು ಅಲ್ಲಿಗೇ ಮುಗಿಯಿತಾ?

ಇಲ್ಲ. 2 ವರ್ಷದ ಐಟಿಐ ಪಾಸಾದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗುತ್ತಾರೆ. ಪಿಯುಸಿಗೆ ಸಮಾನವಾದ ಪ್ರಮಾಣಪತ್ರ ಬೇಕಾದವರಿಗೆ ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ನಿಗದಿತ ಪರೀಕ್ಷೆ ಬರೆಯುವ ದಾರಿಯಿದೆ. ಇದಕ್ಕಾಗಿ ಎಸ್ಸೆಸ್ಸೆಲ್ಸಿಯ ಗಣಿತದ ಪುಸ್ತಕವನ್ನು ಮಾರಬೇಡಿ. ಡಿಪ್ಲೊಮಾಗೆ ಹೋದ ಐಟಿಐ ಮಕ್ಕಳು ಮುಗ್ಗರಿಸುವುದು ಗಣಿತದಲ್ಲೇ.

ಅಪ್ರೆಂಟಿಸ್‌ಶಿಪ್ ಇಲ್ಲೇ ಸಿಗುತ್ತದಾ?

30 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕುಶಾಲನಗರ ಬಳಿಯ ಕೂಡ್ಲೂರು ಕೈಗಾರಿಕಾ ಪ್ರದೇಶ ಬಿಟ್ಟರೆ ಅಷ್ಟು ದೊಡ್ಡ ಘಟಕಗಳು ಇಲ್ಲಿ ಕಡಿಮೆ. ಹೆಚ್ಚಿನವರು ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಅಥವಾ ನಂಜನಗೂಡಿಗೆ ಹೋಗುತ್ತಾರೆ. ಸ್ಟೈಪೆಂಡ್ ಬರುತ್ತದೆ, ಆದರೆ ಬಾಡಿಗೆ, ಊಟಕ್ಕೆ ಅದರಲ್ಲಿ ಬಹುಪಾಲು ಹೋಗುತ್ತದೆ. ಇಬ್ಬರು ಮೂವರು ಒಟ್ಟಿಗೆ ಹೋಗಿ ರೂಮು ಹಿಡಿಯುವುದು ಒಳ್ಳೆಯದು.

ಖಾಸಗಿ ಸಂಸ್ಥೆಗೆ ಹಣ ಕಟ್ಟುವ ಮೊದಲು ಏನು ನೋಡಬೇಕು?

‘ಸರ್ಕಾರದ ಮಾನ್ಯತೆ ಇದೆ’ ಎಂಬ ಫಲಕ ಸಾಲದು. ಮಾನ್ಯತೆ ಕಟ್ಟಡಕ್ಕಲ್ಲ, ಟ್ರೇಡ್‌ಗೆ, ಅದರಲ್ಲೂ ಘಟಕಕ್ಕೆ (ಒಂದು ಬ್ಯಾಚಿಗೆ). ಫಿಟ್ಟರ್‌ಗೆ ಇದ್ದು ಎಲೆಕ್ಟ್ರಿಷಿಯನ್‌ಗೆ ಇಲ್ಲದಿರಬಹುದು. ಎಲೆಕ್ಟ್ರಿಷಿಯನ್ ಒಂದು ಘಟಕಕ್ಕೆ 20 ಸೀಟು. 35 ಮಂದಿಯನ್ನು ಕೂರಿಸಿದ್ದರೆ ಉಳಿದ 15 ಮಂದಿಯ ಪ್ರಮಾಣಪತ್ರ ಎಲ್ಲಿಂದ ಬರುತ್ತದೆ ಎಂದು ಕೇಳಿ. ಸಂಸ್ಥೆಯ ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಕೋಡ್ ಪಡೆದು ಮಡಿಕೇರಿಯ ಸರ್ಕಾರಿ ಐಟಿಐನಲ್ಲಿ ತೋರಿಸಿ ಖಚಿತ ಮಾಡಿಕೊಳ್ಳಿ. ತರಗತಿ ನಡೆಯುವ ದಿನವೇ ವರ್ಕ್‌ಶಾಪಿಗೆ ಹೋಗಿ. ಲೇತ್ ಯಂತ್ರದ ಕೆಳಗೆ ಹೊಸ ಲೋಹದ ಚೂರುಗಳಿವೆಯೇ, ವೆಲ್ಡಿಂಗ್ ಬೂತ್‌ನಲ್ಲಿ ಎಲೆಕ್ಟ್ರೋಡ್ ತುಂಡುಗಳು ಬಿದ್ದಿವೆಯೇ ನೋಡಿ. ನೆಲ ತೊಳೆದಷ್ಟು ಸ್ವಚ್ಛವಾಗಿದ್ದು ಯಂತ್ರದ ಮೇಲೆ ಧೂಳಿದ್ದರೆ ಅಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ. ರಸೀದಿ ಕೊಡದೆ ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಕಡೆ ಸೇರಬೇಡಿ.

ಮೊದಲ ದಿನ ಏನೇನು ತರಬೇಕು?

ಸುರಕ್ಷಾ ಬೂಟು, ಹತ್ತಿಯ ವರ್ಕ್‌ಶಾಪ್ ಸಮವಸ್ತ್ರ ಎರಡು ಜೊತೆ (ಮಳೆಗಾಲದಲ್ಲಿ ಒಂದು ಒಣಗುವುದೇ ಇಲ್ಲ), 6 ಇಂಚಿನ ಸ್ಟೀಲ್ ಸ್ಕೇಲು, ಪೆನ್ಸಿಲು, ನೋಟ್‌ಬುಕ್ಕು. ಪಾಲಿಯೆಸ್ಟರ್ ಬಟ್ಟೆ ವೆಲ್ಡಿಂಗ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ, ಬೇಡ. ಉಂಗುರ, ಕೈಬಳೆ, ಕಡಗ, ಕುತ್ತಿಗೆಯ ಸರ ಮನೆಯಲ್ಲೇ ಇರಲಿ. ಉದ್ದ ಕೂದಲನ್ನು ಗಂಟು ಹಾಕಿ ಟೋಪಿಯೊಳಗೆ ಸೇರಿಸಿ. ಉಪಕರಣದ ಪೆಟ್ಟಿಗೆ ಕೊಳ್ಳುವ ಆತುರ ಬೇಡ, ಮೊದಲ ಮೂರು ತಿಂಗಳು ಸಂಸ್ಥೆಯದ್ದನ್ನೇ ಬಳಸಿ ನೋಡಿ, ಯಾವುದು ಕೈಗೆ ಒಗ್ಗುತ್ತದೆ ಎಂದು ತಿಳಿದ ಮೇಲೆ ಒಂದೊಂದಾಗಿ ತೆಗೆದುಕೊಂಡರಾಯಿತು.